ಹಳೇ ಮನೆಗೆ ಹೊಸ ಕೋಣೆ: ಕೆಡವುವ ಮುಂಚೆ ಓದಿ

ಮಗನ ಮದುವೆ ಗೊತ್ತಾಯಿತೆಂದರೆ ರೋಣ, ನರಗುಂದ, ಗಜೇಂದ್ರಗಡದ ಹಳೇ ಓಣಿಗಳಲ್ಲಿ ಪುರೋಹಿತರಿಗಿಂತ ಮೊದಲು ಮನೆಗೆ ಬರುವವನು ಗೌಂಡಿ. ಮನೆ ಮುತ್ತಜ್ಜನ ಕಾಲದ್ದು. ಎರಡರಿಂದ ಮೂರು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಸಾಗವಾನಿ ಕಂಬ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಅಡಿಗಟ್ಟಲೆ ಮಣ್ಣಿನ ಮೇಲ್ಮುದ್ದೆ. ಏಪ್ರಿಲ್ ಬಿಸಿಲಲ್ಲೂ ಪಡಸಾಲೆ ತಂಪು. ಆದರೆ ಒಳಮನೆಗಳಲ್ಲಿ ಹಗಲಲ್ಲೂ ದೀಪ ಬೇಕು, ಬಚ್ಚಲಿಗೆ ಹಿತ್ತಲಿಗೇ ಹೋಗಬೇಕು, ಬರುವ ಸೊಸೆಗೆ ಪ್ರತ್ಯೇಕ ಕೋಣೆಯಿಲ್ಲ. ಗೌಂಡಿ ಗೋಡೆ ಬಡಿದು ನೋಡಿ ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: “ಇದರಾಗ ಏನೂ ಉಳದಿಲ್ರೀ ಯಜಮಾನ್ರ. ಎಲ್ಲಾ ತೆಗದು ಕಾಲಮ್ ಎಬ್ಬಿಸಿಬಿಡೋಣು.”

ಹಾಗೆ ತೆಗೆಯುವುದೊಂದು ದಾರಿ. ಏನನ್ನೂ ಮುಟ್ಟದೆ ಕತ್ತಲಲ್ಲೇ ಬದುಕುವುದು ಇನ್ನೊಂದು. ಇವೆರಡರ ನಡುವೆ ಮೂರನೆಯದೊಂದಿದೆ: ಹಳೆಯದನ್ನು ಹಳೆಯದಾಗಿಯೇ ಗಟ್ಟಿ ಮಾಡಿಕೊಂಡು, ಬೇಕಾದ ಸೌಕರ್ಯವನ್ನು ಇಂದಿನ ಸಾಮಗ್ರಿಯಲ್ಲಿ, ಇಂದಿನ ರೂಪದಲ್ಲಿ ಪಕ್ಕಕ್ಕೆ ಸೇರಿಸುವುದು. ಹಾಗೆ ಸೇರಿಸುವಾಗ ಒಂದೇ ಒಂದು ಷರತ್ತು. ಹೊಸದು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಹಳೆಯ ಗೋಡೆಯ ತಲೆಯ ಮೇಲೆ ಕೂರಬಾರದು, ಅದರ ಹೆಗಲಿಗೆ ಆತುಕೊಳ್ಳಲೂ ಬಾರದು. ಈ ಸೀಮೆಯಲ್ಲಿ ಹಾಳಾದ ಹಳೇ ಮನೆಗಳಲ್ಲಿ ಬಹಳಷ್ಟು ಹಾಳಾದದ್ದು ಮುಪ್ಪಿನಿಂದಲ್ಲ, ಆಮೇಲೆ ಹೇರಿದ ಭಾರದಿಂದ ಮತ್ತು ಆಮೇಲೆ ಇಳಿದ ನೀರಿನಿಂದ.

ಮೊದಲು ಭಾರದ ಲೆಕ್ಕ

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯೊಂದನ್ನು ತೆಗೆದುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಸೋರಬಾರದೆಂದು ವರ್ಷಾ ವರ್ಷ ಹೊಸ ಮಣ್ಣು ಹಾಕುವ ರೂಢಿ ನಮ್ಮದು. ಹೀಗೆ ಬರೀ ಎರಡು ಇಂಚು ಮಣ್ಣು ಏರಿದರೂ ಆ ಕೋಣೆಯ ಮೇಲೆ ಸುಮಾರು 900 ಕಿಲೋ ಹೆಚ್ಚುತ್ತದೆ. ಮಳೆ ನೀರು ಕುಡಿದರೆ ಇನ್ನೂ ಜಾಸ್ತಿ. ತಲೆಮಾರುಗಳಿಂದ ಹಾಕುತ್ತಾ ಬಂದ ಮಾಳಿಗೆಯ ಮಣ್ಣು ಕೆಲವೆಡೆ ಒಂದೂವರೆ ಅಡಿ ಮುಟ್ಟಿರುತ್ತದೆ. ಜಂತಿ ಬಾಗಿದ್ದರೆ ಮರಕ್ಕೆ ವಯಸ್ಸಾಯಿತೆಂದು ತೀರ್ಮಾನಿಸುವ ಮುಂಚೆ ಮೇಲೆ ಹತ್ತಿ ಮಣ್ಣಿನ ದಪ್ಪ ಅಳೆಯಿರಿ. ಹೆಚ್ಚುವರಿ ಮಣ್ಣು ಇಳಿಸಿದರೆ ಅರ್ಧ ರೋಗ ಅಲ್ಲೇ ವಾಸಿ.

ಅದೇ ಕೋಣೆಗೆ ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ ತೂಕ ಮೂರೂವರೆ ಟನ್ ಆಸುಪಾಸು. “ಮಣ್ಣಿನ ಮಾಳಿಗೆಯೇ ಇದಕ್ಕಿಂತ ಭಾರ ಇತ್ತಲ್ಲ, ಗೋಡೆ ತಡೆಯುತ್ತದೆ ಬಿಡಿ” ಎಂದು ವಾದಿಸುವವರಿದ್ದಾರೆ. ಲೆಕ್ಕ ಸರಿ, ತೀರ್ಮಾನ ತಪ್ಪು. ಮರದ ಜಂತಿ ಗೋಡೆಯ ಜೊತೆ ಅಷ್ಟಿಷ್ಟು ಅಲುಗಾಡುತ್ತದೆ, ಭಾರವನ್ನು ಕಂಬಗಳಿಗೂ ಹಂಚುತ್ತದೆ. ಸ್ಲ್ಯಾಬು ಒಂದೇ ಗಟ್ಟಿ ಹಲಗೆ. ನಮ್ಮ ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಮಣ್ಣಿನ ಗೋಡೆಯ ನೆತ್ತಿಯನ್ನು ದಿನಾ ಹೊರಕ್ಕೆ ತಳ್ಳುತ್ತದೆ. ಮೇಲ್ಮೂಲೆಗಳಲ್ಲಿ ಅಡ್ಡ ಬಿರುಕು ಬರುವುದು ಇದರಿಂದಲೇ. ಅದರ ಮೇಲೆ ಮತ್ತೊಂದು ಅಂತಸ್ತು ಎಬ್ಬಿಸಿದರಂತೂ ಮುಗಿಯಿತು: ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಹತ್ತಡಿ ಎತ್ತರಕ್ಕೆ ಹೋದರೆ ಉದ್ದದ ಪ್ರತಿ ಅಡಿಗೂ ನಾಲ್ಕು ಕ್ವಿಂಟಲ್ ಭಾರ. ಅದನ್ನು ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಮೇಲೆ ಇಡಬೇಡಿ.

ಮೇಲಂತಸ್ತು ಬೇಕೇ ಬೇಕೆಂದರೆ ಉಕ್ಕಿನ ಚೌಕಟ್ಟು ಇದೆ. ಹಳೇ ಗೋಡೆಗಳ ಹೊರಗೆ ಅಥವಾ ಒಳಗೆ ತನ್ನದೇ ಪಾಯಾದ ಮೇಲೆ ನಿಲ್ಲುವ ಉಕ್ಕಿನ ಕಂಬಗಳು, ನಟ್ಟು-ಬೋಲ್ಟಿನ ಜೋಡಣೆ, ಹಗುರವಾದ ನೆಲ. ನಾಳೆ ಬೇಡವೆನಿಸಿದರೆ ಬಿಚ್ಚಬಹುದು, ಹಳೇ ಮನೆಗೆ ಗಾಯವಾಗುವುದಿಲ್ಲ. ಸೋರುವ ಮಾಳಿಗೆಗೂ ಇದೇ ಮದ್ದು: ಮಣ್ಣನ್ನು ತೆಳುಮಾಡಿ, ಅದರ ಮೇಲೆ ಒಂದೆರಡು ಅಡಿ ಗಾಳಿಯಾಡುವ ಸಂದು ಬಿಟ್ಟು, ಸ್ವಂತ ಕಂಬಗಳ ಮೇಲೆ ತಗಡಿನ ಎರಡನೇ ಹೊದಿಕೆ. ಮನೆಯ ತಂಪು ಉಳಿಯುತ್ತದೆ, ವರ್ಷಾ ವರ್ಷ ಮಣ್ಣು ಹೊರುವುದು ತಪ್ಪುತ್ತದೆ. ಗಜೇಂದ್ರಗಡದವರಿಗೆ ಮಾತ್ರ ಒಂದು ಎಚ್ಚರಿಕೆ. ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ; ಅಲ್ಲಿನ ಗಾಳಿ ತಗಡನ್ನು ಕೆಳಗಿನಿಂದ ಎತ್ತಿ ಒಗೆಯುತ್ತದೆ. ಕಲ್ಲು ಹೇರಿ ತಗಡು ನಿಲ್ಲಿಸುವ ಪದ್ಧತಿ ಬಿಟ್ಟು, ಚೌಕಟ್ಟಿಗೆ ಬೋಲ್ಟು ಹಾಕಿ, ಕಂಬಗಳನ್ನು ಪಾಯಾದ ಕಾಂಕ್ರೀಟಿಗೆ ಬಿಗಿಸಿ.

ಎರೆ ನೆಲ ಮತ್ತು ಹಗೇವು

ರೋಣ-ನರಗುಂದದ ಎರೆ ಮಣ್ಣು ಜೋಳ, ಕಡಲೆಗೆ ಬಂಗಾರ, ಕಟ್ಟಡಕ್ಕೆ ಶತ್ರು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರಿಯುತ್ತದೆ. ನೂರು ವರ್ಷದ ಗೋಡೆ ಇಳಿಯುವಷ್ಟು ಇಳಿದು ನೆಲದ ಜೊತೆ ಒಪ್ಪಂದ ಮಾಡಿಕೊಂಡಿರುತ್ತದೆ. ಹೊಸ ಕೋಣೆ ಮುಂದಿನ ಕೆಲವು ವರ್ಷ ಇಳಿಯುತ್ತಲೇ ಇರುತ್ತದೆ. ಇವೆರಡನ್ನೂ ಸಿಮೆಂಟಿನಿಂದ ಬೆಸೆದರೆ ಒಂದು ಇನ್ನೊಂದನ್ನು ಎಳೆಯುತ್ತದೆ, ಬೆಸುಗೆಯ ಉದ್ದಕ್ಕೂ ಬಿರುಕು ಬಿಡುತ್ತದೆ. ಆ ಬಿರುಕಿಗೆ ಪುಟ್ಟಿ ತುಂಬುತ್ತಾ ಆಯುಷ್ಯ ಕಳೆಯುವ ಮನೆಗಳು ಎಲ್ಲ ಓಣಿಯಲ್ಲೂ ಇವೆ.

ಅದಕ್ಕೇ ಸಂದು ಬೇಕು. ಹಳೇ ಗೋಡೆಗೂ ಹೊಸ ಗೋಡೆಗೂ ನಡುವೆ ಒಂದರಿಂದ ಎರಡು ಇಂಚು ಜಾಗ ಬಿಡಿ. ಗೌಂಡಿ ಉಳಿದ ಗಾರೆಯನ್ನು ಅದರೊಳಗೆ ಸುರಿಯದಂತೆ ಕಣ್ಣಿಟ್ಟಿರಿ. ಅಭ್ಯಾಸಬಲದಿಂದ ಸುರಿದೇ ಸುರಿಯುತ್ತಾನೆ. ಸಂದಿನ ಬಾಯಿಗೆ ಒತ್ತಿದರೆ ಕುಗ್ಗುವ ಹಾಳೆ ತುಂಬಿ, ಮೇಲೆ ತಗಡಿನ ಪಟ್ಟಿ ಹೊದಿಸಿ. ಆ ಪಟ್ಟಿಗೆ ಒಂದೇ ಬದಿ ಮೊಳೆ ಹೊಡೆಯಬೇಕು, ಅದೂ ಹೊಸ ಗೋಡೆಯ ಬದಿಗೆ. ಎರಡೂ ಕಡೆ ಹೊಡೆದರೆ ಸಂದು ಬಿಟ್ಟ ಉದ್ದೇಶವೇ ಹೋಯಿತು.

ಪಾಯಾದ ವಿಷಯದಲ್ಲಿ ಜಿಪುಣತನ ಬೇಡ. ಆಳವಾದ ಎರೆ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ‘ಅಂಡರ್ ರೀಮ್ಡ್ ಪೈಲ್’ ಎಂಬ ವಿಧಾನವಿದೆ. ಹನ್ನೆರಡು ಅಡಿಯ ಆಸುಪಾಸಿನ ಕಿರಿದಾದ ಕುಳಿ ಕೊರೆದು, ತಳದಲ್ಲಿ ಅದನ್ನು ಅಗಲಿಸಿ ಕಾಂಕ್ರೀಟು ತುಂಬುತ್ತಾರೆ. ಮೇಲಿನ ಮಣ್ಣು ಉಬ್ಬಿ ಕುಗ್ಗಿದರೂ ತೇವ ಬದಲಾಗದ ಆಳದಲ್ಲಿ ಬುಡ ಭದ್ರವಾಗಿರುತ್ತದೆ. ಹಳೇ ಗೋಡೆಯ ಪಕ್ಕ ಇದರಿಂದ ಇನ್ನೊಂದು ಲಾಭ: ಉದ್ದಕ್ಕೂ ಕಾಲುವೆಯಂತೆ ಅಗೆಯಬೇಕಾಗಿಲ್ಲ. ಅಗೆಯಲೇಬೇಕಾದರೆ ಹಳೇ ಪಾಯಾದ ತಳಕ್ಕಿಂತ ಕೆಳಗೆ ಹೋಗಬೇಡಿ. ಮೂರು-ನಾಲ್ಕು ಅಡಿಯ ತುಂಡು ಅಗೆದು ತುಂಬಿಸಿ, ಒಂದು ತುಂಡು ಬಿಟ್ಟು ಮುಂದಿನದಕ್ಕೆ ಹೋಗಿ. ಈ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ತೆರೆದ ಗುಂಡಿಗೆ ಮಳೆ ನೀರು ನಿಂತರೆ ಹಳೇ ಗೋಡೆ ಒಂದೇ ರಾತ್ರಿಯಲ್ಲಿ ಕೂರಬಹುದು.

ಇದೆಲ್ಲಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ: ಮನೆಯಲ್ಲಿ ಹಗೇವು ಇತ್ತೇ? ನರಗುಂದದವರಿಗೆ ಇದನ್ನು ವಿವರಿಸಬೇಕಿಲ್ಲ. ಇತ್ತೀಚಿನ ವರ್ಷಗಳಲ್ಲಿ ಊರೊಳಗೆ ಮನೆಯ ನೆಲ, ರಸ್ತೆ, ಅಂಗಳ ಇದ್ದಕ್ಕಿದ್ದಂತೆ ಕುಸಿದು ಆಳುದ್ದದ ಗುಂಡಿ ಬಿದ್ದ ಸುದ್ದಿ ಮಳೆಗಾಲ ಬಂದಾಗಲೆಲ್ಲ ಬರುತ್ತಿದೆ. ಜೋಳ ತುಂಬಿಡುತ್ತಿದ್ದ ಹಗೇವುಗಳು ನೆಲದಡಿ ಖಾಲಿ ಬಿದ್ದಿವೆ. 1972ರಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು ಮಲಪ್ರಭೆಯ ಕಾಲುವೆ ನೀರು ಬಂದಮೇಲೆ ಈ ಭಾಗದಲ್ಲಿ ಅಂತರ್ಜಲ ಮೇಲೇರಿದೆ. ಒಣ ನೆಲಕ್ಕೆಂದು ತೋಡಿದ ಹಗೇವಿನ ಗೋಡೆ ತೇವ ಹೀರಿ ಕುಸಿಯುತ್ತದೆ. ರೋಣದ ಸುತ್ತಲ ಎರೆ ಸೀಮೆಯ ಹಳೇ ಮನೆಗಳಲ್ಲೂ ಹಗೇವು ಅಪರೂಪವಲ್ಲ.

ಮನೆಯ ಹಿರಿಯರನ್ನು, ಅದರಲ್ಲೂ ಅಜ್ಜಿಯಂದಿರನ್ನು ಕೇಳಿ. ಪಡಸಾಲೆಯಲ್ಲಿ, ಮನೆ ಮುಂದಿನ ಅಂಗಳದಲ್ಲಿ ಎಲ್ಲಾದರೂ ಬಾಯಿಗಲ್ಲು ಇದೆಯೇ ನೋಡಿ. ಶಹಾಬಾದಿ ಫರಸಿ ಹಾಸುವಾಗ ಅದನ್ನು ಮುಚ್ಚಿಬಿಟ್ಟಿರಬಹುದು. ಹಾರೆಯಿಂದ ಕುಟ್ಟಿದರೆ ಪೊಳ್ಳು ಸದ್ದು ಗೊತ್ತಾಗುತ್ತದೆ. ಸಿಕ್ಕರೆ ತಕ್ಷಣ ಒಳಗೆ ಇಳಿಯಬೇಡಿ. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ಇಳಿದವರು ಸತ್ತದ್ದಿದೆ, ಅವರನ್ನೆತ್ತಲು ಇಳಿದವರೂ ಸತ್ತದ್ದಿದೆ. ಬಾಯಿ ತೆರೆದು ಇಡೀ ದಿನ ಬಿಡಿ, ಗಾಳಿ ಊದಿಸಿ, ಸಾಧ್ಯವಾದಷ್ಟೂ ಮೇಲಿನಿಂದಲೇ ಕೆಲಸ ಮಾಡಿಸಿ. ತುಂಬುವಾಗ ಕಸ, ಕಟ್ಟಡದ ರಾಡಿ ಸುರಿಯದೆ ಗರಸು ಹಾಕಿ ಪದರ ಪದರವಾಗಿ ಗುದ್ದಿಸಿ. ಅಷ್ಟಾದ ಮೇಲೂ ಹೊಸ ಕಂಬವನ್ನು ಅದರ ಮೇಲೆ ನಿಲ್ಲಿಸಬೇಡಿ. ಶೌಚದ ಗುಂಡಿ ಮಾಡಲು ಹಗೇವನ್ನೇ ಬಳಸುವ ಜಾಣತನವಂತೂ ಬೇಡವೇ ಬೇಡ.

ಬಿರುಕು, ಮರ, ಬೆಳಕು

ಗೋಡೆಯ ಬಿರುಕು ಕಂಡಕೂಡಲೇ ಗಾರೆ ಹಚ್ಚುವುದನ್ನು ಒಂದು ವರ್ಷ ತಡೆಯಿರಿ. ಬಿರುಕಿನ ಅಡ್ಡಕ್ಕೆ ತೆಳು ಗಾಜಿನ ಪಟ್ಟಿಯನ್ನು ಎರಡೂ ಬದಿಗೆ ಗಾರೆಯಿಂದ ಕೂರಿಸಿ, ತುದಿಯಲ್ಲಿ ಪೆನ್ಸಿಲ್‌ನಿಂದ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚುವ ಬಿರುಕು ನೆಲದ ಉಸಿರಾಟ, ಅದಕ್ಕೆ ಹೆದರಬೇಕಿಲ್ಲ. ಒಂದೇ ಸಮ ಅಗಲವಾಗುತ್ತಾ ಹೋಗುವ ಬಿರುಕಿಗೆ ಇಂಜಿನಿಯರ್ ಬೇಕು.

ಮರ ನೋಡುವಾಗ ನಡುಭಾಗ ನೋಡಿ ಮೋಸಹೋಗಬೇಡಿ. ಗೆದ್ದಲು, ತೇವ ಎರಡೂ ಮೊದಲು ಹಿಡಿಯುವುದು ಗೋಡೆಯೊಳಗೆ ಹೊಕ್ಕ ಜಂತಿಯ ತುದಿಯನ್ನು. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ತುದಿಯಷ್ಟೇ ಕೊಳೆತಿದ್ದರೆ ಎರಡು ಬದಿಗೆ ಉಕ್ಕಿನ ಪಟ್ಟಿ ಕೂರಿಸಿ ಉಳಿಸಬಹುದು, ಇಡೀ ತೊಲೆ ಬದಲಿಸಬೇಕಿಲ್ಲ. ಕೆತ್ತನೆಯ ಬಾಗಿಲು, ಕಂಬ ಕೊಳ್ಳಲು ಊರೂರು ತಿರುಗುವ ವ್ಯಾಪಾರಿಗಳಿಗೆ ಮಾರಿ, ಆ ದುಡ್ಡಲ್ಲಿ ಕಬ್ಬಿಣದ ಬಾಗಿಲು ಹಾಕಿಸುವವರನ್ನು ಕಂಡಾಗ ಏನು ಹೇಳಬೇಕೋ ತಿಳಿಯುವುದಿಲ್ಲ.

ಬೆಳಕಿಗಾಗಿ ದಪ್ಪ ಗೋಡೆ ಒಡೆದು ದೊಡ್ಡ ಕಿಟಕಿ ಇಡುವುದು ಅಪಾಯದ ಕೆಲಸ. ಮೂಲೆಯಿಂದ ಎರಡಡಿಯೊಳಗಂತೂ ಗೋಡೆ ಕೊರೆಯಬಾರದು. ಅದಕ್ಕಿಂತ ಸುಲಭ, ಇರುವ ಬೆಳಕಿಂಡಿಯನ್ನೇ ಸುಧಾರಿಸುವುದು. ಎರಡು ಜಂತಿಗಳ ನಡುವಿನ ಜಾಗದಲ್ಲೇ, ಜಂತಿ ಕತ್ತರಿಸದೆ, ಕಿಂಡಿಯನ್ನು ಉದ್ದ ಮಾಡಿ. ಸುತ್ತ ಮಾಳಿಗೆಯಿಂದ ಅರ್ಧ ಅಡಿ ಎತ್ತರದ ಕಟ್ಟೆ ಕಟ್ಟಿ, ಮೇಲೆ ಇಳಿಜಾರಾಗಿ ಪದರದ ಗಾಜು ಕೂರಿಸಿ. ಬದಿಯಲ್ಲಿ ಜಾಳಿಗೆ ಬಿಟ್ಟರೆ ಬಿಸಿಗಾಳಿ ಹೊರಹೋಗುತ್ತದೆ. ಅಡುಗೆಮನೆಗೂ ಪಡಸಾಲೆಗೂ ಹೀಗೆ ಒಂದೊಂದಾದರೆ ಮನೆಯ ಮುಖವೇ ಬದಲಾಗುತ್ತದೆ.

ಸ್ನಾನ-ಶೌಚದ ಕೋಣೆಯನ್ನು ಹಳೇ ಗೋಡೆಗಳ ಒಳಗೆ ತುರುಕಬೇಡಿ. ಹಿತ್ತಲ ಬದಿಗೆ, ಮೊದಲೇ ಹೇಳಿದ ಸಂದು ಬಿಟ್ಟು, ಸಣ್ಣ ಚೊಕ್ಕ ಹೊಸ ಕಟ್ಟಡ ಮಾಡಿ, ಒಳಮನೆಯಿಂದ ಇರುವ ಬಾಗಿಲನ್ನೇ ಅದಕ್ಕೆ ದಾರಿ ಮಾಡಿ. ನೀರಿನ ಪೈಪು ಕಣ್ಣಿಗೆ ಕಾಣುವಂತೆ ಹೊರಗೇ ಇರಲಿ. ಮಣ್ಣಿನ ಗೋಡೆಯೊಳಗೆ ಹೂತ ಪೈಪು ಸೋರಿದ್ದು ತಿಳಿಯುವುದು ಗೋಡೆ ಹೊಟ್ಟೆಬಿಟ್ಟ ಮೇಲೆ. ವಿದ್ಯುತ್ ತಂತಿಯನ್ನೂ ಗೋಡೆ ಕೊರೆಯದೆ ಮೇಲ್ಮೈ ಪಟ್ಟಿಯಲ್ಲೇ ಓಡಿಸಿ. ಒಣಗಿದ ಸಾಗವಾನಿಯ ಪಕ್ಕ ಹಳೇ ತಂತಿ ಬೆಂಕಿಗೆ ಆಹ್ವಾನ.

ಸಿಮೆಂಟಿನ ಗಿಲಾವು ಬೇಡ

ನಮ್ಮ ಹಳೇ ಗೋಡೆ ನೆಲದ ತೇವವನ್ನು ಹೀರುತ್ತದೆ, ಮೈಯಿಂದ ಗಾಳಿಗೆ ಬಿಡುತ್ತದೆ. ಹೊರಗೆ ಸಿಮೆಂಟ್ ಗಿಲಾವು ಬಳಿದರೆ ಈ ದಾರಿ ಮುಚ್ಚುತ್ತದೆ. ತೇವ ಒಳಗೇ ಕೂತು ಮಣ್ಣನ್ನು ಮೆತ್ತಗೆ ಮಾಡುತ್ತದೆ, ಉಪ್ಪು ಹೆಪ್ಪುಗಟ್ಟಿ ಕಲ್ಲನ್ನು ಪುಡಿ ಮಾಡುತ್ತದೆ. ಮೇಲೆ ನೋಡಲು ಗೋಡೆ ನುಣುಪು. ಐದಾರು ಮಳೆಗಾಲ ಕಳೆದ ಮೇಲೆ ಗಿಲಾವು ಹಾಳೆಯಾಗಿ ಕಳಚಿದಾಗ ಹಿಂದೆ ಕಾಣುವುದು ರಾಡಿ. ಸುಣ್ಣದ ಗಾರೆಯೇ ಸರಿ: ಚೆನ್ನಾಗಿ ಅರಳಿಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ತೆಳುವಾಗಿ ಎರಡು ಪದರ, ಕೆಲವು ದಿನ ಗೋಣಿ ಹಾಸಿ ತಂಪಾಗಿಡುವುದು. ಸುಣ್ಣ ನಿಧಾನ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡೇ ಅದು ಗಟ್ಟಿಯಾಗಬೇಕು. ಅವಸರದವರಿಗೆ ಒಗ್ಗುವುದಿಲ್ಲ. ಅರಳಿಸುವಾಗ ಕಣ್ಣು, ಕೈ ಜೋಪಾನ. ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಯಲ್ಲಿ ಯುಗಾದಿಯ ಹಿಂದಿನ ರಾತ್ರಿ ಸುಣ್ಣ ಕಲಸಿಟ್ಟು ಬಾಗಿಲು ಹಾಕಿದರೆ ಬೆಳಗಾಗುವಷ್ಟರಲ್ಲಿ ತಾನಾಗಿಯೇ ಬಳಿದಿರುತ್ತದೆಂಬ ನಂಬಿಕೆಯಿದೆ. ದೇವರೂ ಪ್ಲಾಸ್ಟಿಕ್ ಪೇಂಟ್ ಕೇಳಿದ್ದಿಲ್ಲ ನೋಡಿ.

ಹೊಸದು ಹೊಸದಾಗಿಯೇ ಕಾಣಲಿ

ಸೇರಿಸುವ ಭಾಗಕ್ಕೂ ಸಿಮೆಂಟಿನ ಕಮಾನು, ಅಚ್ಚಿನಲ್ಲಿ ಎರಕ ಹೊಯ್ದ ಬೋದಿಗೆ ಹಾಕಿ “ಹಳೇ ಥರ” ಮಾಡಿಸುವ ಆಸೆ ಬಹಳ ಜನಕ್ಕಿದೆ. ನನ್ನ ಮಟ್ಟಿಗೆ ಅದು ಇಬ್ಬರಿಗೂ ಅವಮಾನ, ಆ ಕಾಲದ ಬಡಿಗನಿಗೂ ಈ ಕಾಲದ ಗೌಂಡಿಗೂ. ಪ್ರಾಚೀನ ಕಟ್ಟಡಗಳ ರಕ್ಷಣೆ ಕುರಿತು 1964ರಲ್ಲಿ ವೆನಿಸ್‌ನಲ್ಲಿ ಜಗತ್ತಿನ ತಜ್ಞರು ಒಪ್ಪಿದ ಸನ್ನದೂ ಇದನ್ನೇ ಹೇಳುತ್ತದೆ: ಅನಿವಾರ್ಯವಾಗಿ ಸೇರಿಸಿದ ಭಾಗ ಮೂಲದಿಂದ ಬೇರೆಯಾಗಿ ಗುರುತಿಗೆ ಸಿಗಬೇಕು, ಅದರ ಮೇಲೆ ತನ್ನ ಕಾಲದ ಮುದ್ರೆ ಇರಬೇಕು. ಪ್ಯಾರಿಸ್ಸಿನ ಲೂವ್ರ್ ಅರಮನೆಯ ಅಂಗಳದಲ್ಲಿ 1989ರಲ್ಲಿ ವಾಸ್ತುಶಿಲ್ಪಿ ಐ.ಎಂ. ಪೈ ಗಾಜಿನ ಪಿರಮಿಡ್ಡು ನಿಲ್ಲಿಸಿದಾಗ ಬೈದವರು ಸಾಕಷ್ಟು ಜನ. ಈಗ ಅದಿಲ್ಲದೆ ಲೂವ್ರ್‌ನ ಚಿತ್ರವೇ ಇಲ್ಲ. ನಮ್ಮಲ್ಲೇ ನೋಡಬೇಕೆಂದರೆ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಗೆ ಹೋಗಿ. ಹಳೇ ಬಂಗಲೆಯನ್ನು ಉಳಿಸಿಕೊಂಡು, ಅದನ್ನು ಅನುಕರಿಸದ ಹೊಸ ಗ್ಯಾಲರಿ ಕಟ್ಟಡವನ್ನು ಸೇರಿಸಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ತೆರೆದರು. ಹಳೇ ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆದದ್ದೂ ಇಂಥದೇ ಪ್ರಯೋಗ.

ಹೊಸದಾಗಿ ಕಾಣುವುದೆಂದರೆ ಮೆರೆಯುವುದೆಂದಲ್ಲ. ಪಕ್ಕಕ್ಕೆ ಸೇರಿಸುವ ಹೊಸ ಭಾಗ ಹಳೇ ಮಾಳಿಗೆಯ ಎತ್ತರ ಮೀರದಿರಲಿ, ಬೀದಿಯಿಂದ ಒಂದೆರಡು ಹೆಜ್ಜೆ ಹಿಂದೆ ಇರಲಿ. ಗಜೇಂದ್ರಗಡದ ಕಡೆ ಗುಡ್ಡದ ಕೆಂಪು ಮರಳುಗಲ್ಲು ಸಿಗುವಲ್ಲಿ ಹೊಳೆಯುವ ಗ್ರಾನೈಟು, ಬೀದಿಮುಖಕ್ಕೆ ಟೈಲ್ಸು ಯಾಕೆ? ಕಲ್ಲು, ಬಣ್ಣ ಹಚ್ಚದ ಕಾಂಕ್ರೀಟು, ಕಪ್ಪು ಉಕ್ಕು, ಸುಣ್ಣದ ಬಿಳಿ, ಇಷ್ಟರಲ್ಲೇ ಒಳ್ಳೆಯ ಕಟ್ಟಡವಾಗುತ್ತದೆ.

ಗುಡಿ ಪಕ್ಕದ ಮನೆಗೆ ಕಾನೂನು ಬೇರೆ

ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡ, ನರೇಗಲ್ಲಿನ ಗುಡಿಗಳ ಆಸುಪಾಸು ಇರುವವರು ಮೊದಲು ತಿಳಿಯಬೇಕಾದ್ದು, ಪಕ್ಕದ ಸ್ಮಾರಕ ಯಾರ ಪಟ್ಟಿಯಲ್ಲಿದೆ ಎಂಬುದು. ಕೇಂದ್ರ ಸಂರಕ್ಷಿತವಾದರೆ 1958ರ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿ ಅನ್ವಯಿಸುತ್ತದೆ: ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅಳತೆ ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ. ಮೊದಲ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕಿಂತ ಮುಂಚಿನ ಮನೆಯ ದುರಸ್ತಿ, ನವೀಕರಣಕ್ಕೆ ಮಾತ್ರ ಅನುಮತಿ ಕೇಳಬಹುದು. ಎರಡನೆಯದರಲ್ಲಿ ಅನುಮತಿ ಪಡೆದು ಕಟ್ಟಬಹುದು. ಮೀರಿದರೆ ಎರಡು ವರ್ಷದವರೆಗೆ ಜೈಲು, ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆಯಿದೆ. ಧಾರವಾಡದಲ್ಲಿರುವ ಕೇಂದ್ರ ಪುರಾತತ್ವ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಪಾಯಾ ಅಗೆಯುವಾಗ ಶಾಸನದ ಕಲ್ಲೋ, ನಾಣ್ಯವೋ ಸಿಕ್ಕರೆ ಕೆಲಸ ನಿಲ್ಲಿಸಿ ತಿಳಿಸಬೇಕು. ನಿಧಿಗೆ ಸಂಬಂಧಿಸಿ 1962ರ ಕರ್ನಾಟಕ ಕಾಯ್ದೆಯೇ ಇದೆ, ಮಾಹಿತಿ ಜಿಲ್ಲಾಧಿಕಾರಿಗೆ ಹೋಗಬೇಕು.

ಯಾವ ಪಟ್ಟಿಯಲ್ಲೂ ಇಲ್ಲದ ಹಳೇ ಗುಡಿಗಳಿಗೆ ಕಮಿಟಿಯವರೇ ಕಾಯ್ದೆ. ಭಕ್ತರಿಗೆ ನೆರಳು ಬೇಕು, ನಿಜ. ಹಾಗೆಂದು ಚಾಲುಕ್ಯರ ಕಲ್ಲಿಗೆ ಡ್ರಿಲ್ ಹೊಡೆದು ತಗಡು ಬಿಗಿಯುವುದು, ಆರ್‌ಸಿಸಿ ಮಂಟಪವನ್ನು ಗುಡಿಯ ಹಣೆಗೇ ಅಂಟಿಸುವುದು, ಆಯಿಲ್ ಪೇಂಟ್ ಬಳಿಯುವುದು, ಆಮೇಲೆ ಅದನ್ನು ತೆಗೆಯಲು ಮರಳು ಚಿಮ್ಮಿಸುವುದು, ಇವೆಲ್ಲ ಸರಿಪಡಿಸಲಾಗದ ಹಾನಿ. ಮಂಟಪವನ್ನು ಗುಡಿಯಿಂದ ಕೆಲವು ಅಡಿ ದೂರ, ಸ್ವಂತ ಕಂಬದ ಮೇಲೆ, ಶಿಖರ ಮರೆಯಾಗದಷ್ಟು ತಗ್ಗಿಗೆ ಮಾಡಿ. ಅದರ ನೀರು ಗುಡಿಯ ಬುಡಕ್ಕೆ ಬೀಳದಿರಲಿ.

ಕಾಗದ ಮತ್ತು ಕೂಲಿ

ಪುರಸಭೆಗೆ ಹೋಗುವ ಮುಂಚೆ ಮನೆಯೊಳಗಿನ ಸಹಿ ಮುಗಿಸಿ. ಉತಾರದಲ್ಲಿ ಅಜ್ಜನ ಹೆಸರೇ ಇದ್ದು ಹಕ್ಕುದಾರರು ಹತ್ತು ಜನ ಇದ್ದರೆ, ಅರ್ಧ ಕೆಲಸವಾದ ಮೇಲೆ ಹುಬ್ಬಳ್ಳಿಯಿಂದಲೋ ಪುಣೆಯಿಂದಲೋ ಒಬ್ಬ ದಾಯಾದಿ ತಡೆಯಾಜ್ಞೆ ತರುತ್ತಾನೆ. ಪಟ್ಟಣದ ಆಸ್ತಿಗೆ ಪುರಸಭೆಯ ಇ-ಖಾತಾ, ಹಳ್ಳಿಯದಕ್ಕೆ ಪಂಚಾಯಿತಿಯ ನಮೂನೆ 9 ಮತ್ತು 11 ಸಿದ್ಧವಿರಲಿ. ನಕ್ಷೆ ಬರೆಯುವ ಇಂಜಿನಿಯರಿಗೆ ಹಳೇ ಗೋಡೆಗಳನ್ನೂ ಅಳೆದು ಬೇರೆ ಗೆರೆಯಲ್ಲಿ ತೋರಿಸಲು ಹೇಳಿ. ಇಲ್ಲವಾದರೆ ಖಾಲಿ ಜಾಗವೆಂದೇ ಬರೆದುಬಿಡುತ್ತಾರೆ. ಸಲಹೆ ಬೇಕಿದ್ದರೆ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ವಿಭಾಗವಿದೆ, ಪರಂಪರೆಯ ಕಟ್ಟಡಗಳಿಗಾಗಿಯೇ 1984ರಿಂದ ಇಂಟ್ಯಾಕ್ ಎಂಬ ಸಂಸ್ಥೆಯಿದೆ.

ಕೂಲಿಯ ಮಾತು ಆಡುವಾಗ ಎರಡು ಕೆಲಸಕ್ಕೆ ಎರಡು ಕರಾರು ಮಾಡಿ. ಹೊಸ ಭಾಗವನ್ನು ಚದರ ಅಡಿ ಲೆಕ್ಕದಲ್ಲಿ ಗುತ್ತಿಗೆ ಕೊಡಬಹುದು. ಹಳೇ ಗೋಡೆ, ಜಂತಿ, ಸುಣ್ಣದ ಕೆಲಸವನ್ನು ಮಾತ್ರ ದಿನಗೂಲಿಯಲ್ಲೇ ಮಾಡಿಸಿ, ಅದೂ ಹಳೇ ಕೆಲಸ ಬಲ್ಲ ಹಿರಿಯ ಗೌಂಡಿ, ಬಡಿಗರ ಕೈಯಲ್ಲಿ. ಗುತ್ತಿಗೆಯವನಿಗೆ ಬೇಗ ಮುಗಿದಷ್ಟೂ ಲಾಭ, ಆದ್ದರಿಂದ ಕೊಳೆತ ತುದಿ ಹುಡುಕುವ ಬದಲು ಇಡೀ ತೊಲೆ ಇಳಿಸಿಬಿಡುತ್ತಾನೆ. ಇಳಿಸಿದ ತೊಲೆ, ಬಾಗಿಲು, ಕಲ್ಲು ಮನೆಯವರದೇ ಎಂದು ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಿ.